ಕಣ್ಣು ಮುಚ್ಚಿ ಕಂಡ ಊರು

ಚುರುಕನ ಬುದ್ಧಿಹಲ್ಲು ಕೆಡುವುದು ಹೇಗೂ ಕೆಡುತ್ತಿತ್ತು, ಇನ್ನೊಂದೇ ಒಂದು ದಿನ ತಡೆದು ಕೆಟ್ಟಿದ್ದರೆ ನಮ್ಮ ಕನ್ನಡಕದಣ್ಣ ಇವತ್ತಿಗೂ ನೆಲದ ಮೇಲೆ ನೆಮ್ಮದಿಯಾಗಿ ಓಡಾಡಿಕೊಂಡಿರುತ್ತಿದ್ದ. ಆದರೆ ಹಲ್ಲು ಯಾರ ಮಾತು ಕೇಳುತ್ತದೆ? ರಾತ್ರಿ ಬೆಳಗಾಗುವಷ್ಟರಲ್ಲಿ ಚುರುಕನ ದವಡೆ ಊದಿ ಬಾಯಿ ತೆರೆಯಲಾಗದೆ ಹೋಯಿತು. ಬೆಳಗ್ಗೆ ಏಳಕ್ಕೆ ಕನ್ನಡಕದಣ್ಣನ ಫೋನು ಬಡಿದುಕೊಂಡಿತು.

ಕನ್ನಡಕದಣ್ಣ ಎಂದರೆ ಕನ್ನಡಕ ಹಾಕಿಕೊಂಡವನಲ್ಲ. ಅವನ ಕಣ್ಣು ಚೆನ್ನಾಗಿಯೇ ಇತ್ತು. ಕನ್ನಡಕದ ಅಂಗಡಿಯಲ್ಲಿ ಗಾಜು ಒರೆಸುವುದು, ಸಡಿಲವಾದ ಕಡ್ಡಿ ಬಿಗಿ ಮಾಡುವುದು, ಬಂದವರನ್ನು ಕುರ್ಚಿಯಲ್ಲಿ ಕೂರಿಸಿ "ಕೊನೇ ಸಾಲು ಓದಿ" ಅನ್ನುವುದು ಅವನ ಕೆಲಸ. ಹಾಗಾಗಿ ವಠಾರದ ಹನ್ನೊಂದು ಮನೆಯವರೂ ಅವನನ್ನು ಹಾಗೇ ಕರೆಯುತ್ತಿದ್ದರು. ಒಂಬತ್ತು ವರ್ಷ ಕೆಲಸ ಮಾಡಿದ್ದಾನೆ, ಒಂಬತ್ತು ವರ್ಷವೂ ದಿನಗೂಲಿ. ಜೊತೆ ಕೆಲಸಗಾರ ಚುರುಕನದೂ ಅದೇ ಪಾಡು. ಇಬ್ಬರಲ್ಲಿ ಒಬ್ಬನನ್ನು ಈ ತಿಂಗಳು ಖಾಯಂ ಮಾಡುತ್ತೇನೆ, ಇನ್ನೊಬ್ಬನನ್ನು ಕೈ ಮುಗಿದು ಕಳಿಸುತ್ತೇನೆ ಎಂದು ಅಂಗಡಿಯ ಸಾಹುಕಾರರು ಹೇಳಿ ಹದಿನೈದು ದಿನವಾಗಿತ್ತು. ಅಂದಿನಿಂದ ಕನ್ನಡಕದಣ್ಣನಿಗೆ ಉಂಡದ್ದು ಮೈಗೆ ಹತ್ತಿರಲಿಲ್ಲ.

"ನೋಡಪ್ಪಾ," ಎಂದರು ಸಾಹುಕಾರರು ಫೋನಿನಲ್ಲಿ, "ಚುರುಕ ಮಲಗ್ಬಿಟ್ಟಿದ್ದಾನೆ. ಇವತ್ತು ಆ ಗೋಪುರದ ಕೆಲಸಕ್ಕೆ ನೀನೇ ಹೋಗ್ಬೇಕು."

"ಗೋಪುರನಾ ಸಾಹುಕಾರ್ರೇ?"

"ಅದೇ, ಎಂಬತ್ತೆರಡನೇ ಮಹಡಿ. ಊರು ನೋಡೋಕೆ ಜನ ಹೋಗ್ತಾರಲ್ಲ, ಅಲ್ಲಿ ಸುತ್ತ ಹದಿನಾರು ದುರ್ಬೀನು ನಿಲ್ಲಿಸಿದಾರೆ. ಅದರ ಗಾಜು ಒರೆಸೋದು ನಮ್ಮ ಅಂಗಡಿ ಕೆಲಸ. ಇವತ್ತಿನ ಕೆಲಸ ನೋಡ್ಕೊಂಡೇ ನಾನು ಖಾಯಂ ವಿಚಾರ ತೀರ್ಮಾನ ಮಾಡೋದು. ಒಂಬತ್ತಕ್ಕೆ ಅಲ್ಲಿರು."

ಫೋನು ಇಟ್ಟ ಕನ್ನಡಕದಣ್ಣ ಹಾಗೇ ನೆಲದ ಮೇಲೆ ಕುಳಿತುಬಿಟ್ಟ. ಅವನ ಹೆಂಡತಿ ಒಲೆಯ ಮುಂದಿನಿಂದ ಇಣುಕಿ ನೋಡಿದಳು. ಪ್ರಪಂಚದಲ್ಲಿ ಅವನ ಗುಟ್ಟು ಗೊತ್ತಿದ್ದವಳು ಅವಳೊಬ್ಬಳೇ. ಕನ್ನಡಕದಣ್ಣನಿಗೆ ಎತ್ತರ ಎಂದರೆ ಪ್ರಾಣಭಯ. ಎಂಬತ್ತೆರಡನೇ ಮಹಡಿಯ ಮಾತು ಬಿಡಿ, ಮೂರು ಕಾಲಿನ ಸ್ಟೂಲು ಹತ್ತಿದರೆ ಸಾಕು, ಅವನ ತಲೆ ಗಿರ್ರೆನ್ನುತ್ತಿತ್ತು. ಮದುವೆಯಾದಾಗಿನಿಂದ ಮನೆಯ ಬಲ್ಬು ಬದಲಿಸುವವಳು ಅವಳೇ. ಅವನು ಕೆಳಗೆ ಸ್ಟೂಲು ಹಿಡಿದುಕೊಳ್ಳುತ್ತಿದ್ದ, ಅದೂ ಕಣ್ಣು ಮುಚ್ಚಿಕೊಂಡು. ವಠಾರದವರು ಕೇಳಿದರೆ "ನಮ್ಮನೆಯವರಿಗೆ ಸೊಂಟ ಹಿಡಿದಿದೆ" ಎನ್ನುತ್ತಿದ್ದಳು. ಹನ್ನೆರಡು ವರ್ಷದಿಂದ ಹಿಡಿದ ಸೊಂಟ ಇನ್ನೂ ಬಿಟ್ಟಿರಲಿಲ್ಲ.

"ಆಗಲ್ಲ ಅಂತ ಹೇಳ್ಬಿಡಿ," ಎಂದಳು ಹೆಂಡತಿ.

"ಹೇಳಿದ್ರೆ ಚುರುಕ ಖಾಯಂ ಆಗ್ತಾನೆ ಕಣೇ."

"ಹಾಗಾದ್ರೆ ಹೋಗಿ."

"ಹೋದ್ರೆ ನಾನು ಸತ್ತೇ ಹೋಗ್ತೀನಿ."

"ಸಾಯೋದಾದ್ರೂ ಖಾಯಂ ಆದಮೇಲೆ ಸಾಯಿರಿ, ಏನಾದ್ರೂ ಬರತ್ತೆ," ಎಂದು ಅವಳು ತಟ್ಟೆ ತಂದು ಮುಂದಿಟ್ಟಳು. ಹೇಳಿದ್ದು ಹಾಗಾದರೂ ಅವಳ ಕಣ್ಣು ಒದ್ದೆಯಾಗಿತ್ತು.

ಅಷ್ಟಕ್ಕೇ ಬಿಟ್ಟಿದ್ದರೆ ಎಲ್ಲವೂ ಸರಿ ಇರುತ್ತಿತ್ತು. ಆದರೆ ಗಂಡ ಗೋಪುರಕ್ಕೆ ಹೋಗುವುದು ದಿನಾ ನಡೆಯುವ ಸಂಗತಿಯೇ? ಅವಳು ಕಿಟಕಿಯಲ್ಲಿ ಬಟ್ಟೆ ಒಣಹಾಕುತ್ತಾ, ಎದುರು ಕಿಟಕಿಯ ಟೈಲರಮ್ಮನಿಗೆ "ಇವತ್ತು ನಮ್ಮನೆಯವರು ಗೋಪುರದ ಮೇಲೆ. ದುರ್ಬೀನೆಲ್ಲಾ ಇವರ ಕೈಲೇ" ಎಂದು ಒಂದೇ ಒಂದು ಮಾತು ಹೇಳಿದಳು. ಟೈಲರಮ್ಮನ ಕಿವಿಗೆ ಬಿದ್ದ ಮಾತು ವಠಾರ ಸುತ್ತಿ ಬರಲು ಐದು ನಿಮಿಷ ಸಾಕು. ಕನ್ನಡಕದಣ್ಣ ಚಪ್ಪಲಿ ಮೆಟ್ಟಿಕೊಳ್ಳುವಾಗ ಬಾಗಿಲ ಮುಂದೆ ಮೂವರು ನಿಂತಿದ್ದರು.

ಮೊದಲು ಟೈಲರಮ್ಮ ಅವನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದಳು. "ಅಣ್ಣಾ, ನನಗೊಂದು ಉಪಕಾರ ಮಾಡಿ. ನಮ್ಮನೆಯವರು ಹತ್ತು ಗಂಟೆಗೆ ಅಂಗಡಿಗೆ ಅಂತ ಹೋಗ್ತಾರೆ. ನಿಜವಾಗ್ಲೂ ಅಂಗಡೀಲಿ ಕೂತಿರ್ತಾರಾ ಅಂತ ಮೇಲಿಂದ ಒಂಚೂರು ನೋಡ್ಬಿಡಿ. ನೀಲಿ ಬಾಗಿಲು, ಸಂತೆ ಬೀದಿ ಮೂಲೆ."

"ಅಲ್ಲಮ್ಮಾ, ಅಷ್ಟು ದೂರದಿಂದ..."

"ದುರ್ಬೀನು ಇರೋದೇ ದೂರ ನೋಡೋಕಲ್ವಾ?"

ಟೈಲರಮ್ಮ ಸರಿದಳೋ ಇಲ್ಲವೋ, ನಿವೃತ್ತ ಮೇಷ್ಟ್ರು ಕೋಲೂರಿಕೊಂಡು ಮುಂದೆ ಬಂದರು. ಊರ ಹೊರಗೆ ಅವರದೊಂದು ಖಾಲಿ ಸೈಟಿತ್ತು. ಪಕ್ಕದ ಸೈಟು ಇದೇ ವಠಾರದ ಮುಂದಿನ ಮನೆಯ ಕಂಟ್ರಾಕ್ಟರದು. ಕಂಟ್ರಾಕ್ಟರು ಅಲ್ಲಿ ಗೋಡೆ ಎಬ್ಬಿಸುತ್ತಿದ್ದಾರೆ, ಎಬ್ಬಿಸುವಾಗ ತಮ್ಮ ಕಡೆಗೆ ಒತ್ತುತ್ತಿದ್ದಾರೆ ಎಂಬ ಗುಮಾನಿ ಮೇಷ್ಟ್ರನ್ನು ತಿಂಗಳಿಂದ ಕೊರೆಯುತ್ತಿತ್ತು. ಎರಡು ಬಸ್ಸು ಬದಲಿಸಿ ಹೋಗಿ ನೋಡಲು ಮಂಡಿನೋವು ಬಿಡುತ್ತಿರಲಿಲ್ಲ. "ಗೋಡೆ ನೆಟ್ಟಗಿದೆಯೋ, ನಮ್ಮ ಕಡೆ ಬಂದಿದೆಯೋ, ಎಷ್ಟು ಬಂದಿದೆ. ಮೂರು ಪ್ರಶ್ನೆ. ಉತ್ತರ ಸ್ಪಷ್ಟವಾಗಿರಲಿ," ಎಂದು ಮೇಷ್ಟ್ರು ಪರೀಕ್ಷೆಯ ದಿನದ ದನಿಯಲ್ಲಿ ಹೇಳಿದರು.

ಕೊನೆಗೆ ಮೂಲೆಮನೆಯ ಅಜ್ಜಿ. ಅವಳಿಗೆ ಯಾರ ಮೇಲೂ ಗುಮಾನಿ ಇರಲಿಲ್ಲ. "ಮಗಾ, ನಾನು ಹನ್ನೆರಡು ಗಂಟೆಗೆ ಟೆರೇಸ್ ಮೇಲೆ ಹೋಗಿ ನಿಂತ್ಕೋತೀನಿ. ಹಸಿರು ಶಾಲು ಹೊದ್ದಿರ್ತೀನಿ. ನಿನಗೆ ಕೈ ಬೀಸ್ತೀನಿ. ನೀನೂ ಬೀಸು. ಅಷ್ಟು ಮೇಲಿಂದ ಇದುವರೆಗೂ ನನ್ನ ಯಾರೂ ನೋಡಿಲ್ಲ," ಎಂದಳು.

ಕನ್ನಡಕದಣ್ಣನಿಗೆ ಯಾರಿಗೂ ಇಲ್ಲ ಎನ್ನಲು ಬಾರದು. ಅದೂ ಒಂದು ಕಾಯಿಲೆಯೇ. ಮೂವರಿಗೂ ಹೂಂ ಎಂದು ಬಸ್ಸು ಹತ್ತಿದ.

ಗೋಪುರದ ಲಿಫ್ಟು ಒಂದು ನಿಮಿಷಕ್ಕೆ ಎಂಬತ್ತೆರಡು ಮಹಡಿ ಏರುತ್ತದೆ ಎಂದು ಅದರೊಳಗೇ ಹೆಮ್ಮೆಯಿಂದ ಬರೆದು ಹಾಕಿದ್ದರು. ಆ ಒಂದು ನಿಮಿಷದಲ್ಲಿ ಕನ್ನಡಕದಣ್ಣ ತನ್ನ ಜೀವನದಲ್ಲಿ ಮಾಡಿದ ಎಲ್ಲ ತಪ್ಪುಗಳನ್ನೂ ನೆನೆದು ಕ್ಷಮೆ ಕೇಳಿ ಮುಗಿಸಿದ್ದ. ಕಿವಿ ಗುಂಯ್ ಎಂದು ಕಟ್ಟಿತು. ಬಾಗಿಲು ತೆರೆದಾಗ ಎದುರಿಗೆ ಗೋಡೆಯೇ ಇಲ್ಲ. ನೆಲದಿಂದ ಸೂರಿನವರೆಗೂ ಬರೀ ಗಾಜು, ಅದರಾಚೆ ಬರೀ ಆಕಾಶ. ಅವನು ಥಟ್ಟನೆ ತಲೆ ತಗ್ಗಿಸಿ ತನ್ನ ಚಪ್ಪಲಿಯನ್ನು ನೋಡಿದ. ಅವತ್ತು ಸಂಜೆಯವರೆಗೂ ಅವನು ಕಣ್ಣಾರೆ ಕಂಡ ದೃಶ್ಯ ಹೆಚ್ಚುಕಮ್ಮಿ ಅದೇ.

"ಹುಷಾರಿಲ್ವಾ?" ಎಂದು ಬಾಗಿಲ ಕಾವಲಿನವನು ಕೇಳಿದ.

"ಇಲ್ಲ, ನೆಲ ನೋಡ್ತಿದ್ದೆ. ಚೆನ್ನಾಗಿದೆ. ಇದು... ಗಟ್ಟಿಯಾಗಿದೆ ತಾನೇ?"

"ಇದುವರೆಗೂ ಬಿದ್ದಿಲ್ಲ," ಎಂದ ಕಾವಲಿನವನು. ಆ 'ಇದುವರೆಗೂ' ಎಂಬ ಮಾತು ಕನ್ನಡಕದಣ್ಣನ ಎದೆಯಲ್ಲಿ ಮುಳ್ಳಿನಂತೆ ನಾಟಿಕೊಂಡಿತು.

ಆದರೂ ಕೆಲಸ ಕೆಲಸವೇ. ಖಾಯಂ, ಖಾಯಂ ಎಂದು ಬಾಯಲ್ಲೇ ಮಣಮಣ ಅನ್ನುತ್ತಾ ಅವನು ಮೊದಲ ದುರ್ಬೀನಿನ ಹತ್ತಿರ ಕುಕ್ಕರುಗಾಲಲ್ಲಿ ಸರಿದ. ಅದು ಗಾಜಿಗೆ ಅಂಟಿಕೊಂಡಂತೆ ಕಂಬದ ಮೇಲೆ ನಿಂತಿತ್ತು. ಒಂಬತ್ತು ವರ್ಷದ ಅನುಭವ ಕೈಬಿಡಲಿಲ್ಲ. ಕಣ್ಣು ಮುಚ್ಚಿಕೊಂಡು ತಡವಿ ಸ್ಕ್ರೂ ಹುಡುಕಿದ, ದುರ್ಬೀನಿನ ಗಾಜನ್ನು ಬಿಚ್ಚಿದ, ಗಾಜಿನ ಗೋಡೆಗೆ ಬೆನ್ನು ಹಾಕಿ ನೆಲದ ಮೇಲೆ ಕುಳಿತ, ಮೆತ್ತನೆ ಬಟ್ಟೆಯಿಂದ ಒರೆಸಿದ. ಅಂಗಡಿಯಲ್ಲಿ ಕನ್ನಡಕವನ್ನು ಹಿಡಿಯುವಂತೆ ಒಳಗಿನ ದೀಪಕ್ಕೆ ಎತ್ತಿ ಹಿಡಿದು ನೋಡಿದ. ಒಂದೂ ಕಲೆ ಇಲ್ಲ. ಮತ್ತೆ ಕಣ್ಣು ಮುಚ್ಚಿ ತಡವಿ ತಿರುಗಿಸಿ ಕೂರಿಸಿದ. ಹೀಗೆ ಒಂದು, ಎರಡು, ಮೂರು. ಹೊರಗೆ ನೋಡದೆ ಇದ್ದರೆ ಎಂಬತ್ತೆರಡನೇ ಮಹಡಿಗೂ ನೆಲಮಾಳಿಗೆಗೂ ವ್ಯತ್ಯಾಸವಿಲ್ಲ ಎಂದು ಅವನು ಕಂಡುಕೊಂಡ.

ಅಷ್ಟರಲ್ಲಿ ಜನ ಬರತೊಡಗಿದರು. ಉಪಕರಣದ ಪೆಟ್ಟಿಗೆ ಇಟ್ಟುಕೊಂಡು ಕೂತವನನ್ನು ಕಂಡರೆ ಎಲ್ಲ ಗೊತ್ತಿರುವವನು ಎಂದೇ ಜನ ತಿಳಿಯುತ್ತಾರೆ. ಹೆಂಡತಿ ಮಕ್ಕಳೊಂದಿಗೆ ಬಂದಿದ್ದ ಒಬ್ಬ ದಪ್ಪ ಮನುಷ್ಯ ಹತ್ತಿರ ಬಗ್ಗಿ, "ಅಣ್ಣಾವ್ರೇ, ಆ ಕಡೆ ಉದ್ದಕ್ಕೆ ಬೆಳ್ಳಗೆ ಕಾಣ್ತಿದೆಯಲ್ಲ, ಅದೇನು?" ಎಂದ.

ಕನ್ನಡಕದಣ್ಣ ತಲೆ ಎತ್ತಲಿಲ್ಲ. "ನದಿ," ಎಂದ.

"ನದಿ ಮೇಲೆ ಲಾರಿ ಹೋಗ್ತಿದೆಯಲ್ರೀ?"

"ಬೇಸಿಗೆ ಅಲ್ವಾ. ನೀರಿಲ್ಲ."

ದಪ್ಪ ಮನುಷ್ಯ ತನ್ನ ಮಕ್ಕಳಿಗೆ, "ನೋಡ್ರೋ, ಬತ್ತಿದ ನದೀಲಿ ಲಾರಿ ಓಡಿಸ್ತಾರಂತೆ, ಕಾಲ ಕೆಟ್ಟೋಯ್ತು" ಎಂದು ವಿವರಿಸುತ್ತಾ ಮುಂದೆ ಹೋದ. ಅವನ ಹಿಂದೆ ಬಂದ ಇನ್ನೊಬ್ಬಳು ರೈಲು ನಿಲ್ದಾಣ ಎಲ್ಲಿ ಎಂದಳು. ಕನ್ನಡಕದಣ್ಣ ತನ್ನ ಬೆನ್ನ ಹಿಂದೆ ಎಲ್ಲಿಗೋ ಹೆಬ್ಬೆರಳು ತೋರಿಸಿದ. ಅವಳಿಗೆ ರೈಲು ನಿಲ್ದಾಣ ಕಂಡೂ ಬಿಟ್ಟಿತು. ಒಂದು ತಾಸಿನಲ್ಲಿ ಅವನ ಸುತ್ತ ಏಳೆಂಟು ಜನ ಸೇರಿದ್ದರು. ಅವನು ನೆಲ ನೋಡುತ್ತಾ ಊರು ತೋರಿಸುತ್ತಿದ್ದ, ಅವರು ಊರು ನೋಡುತ್ತಾ ಹೌದು ಹೌದು ಎನ್ನುತ್ತಿದ್ದರು.

ಹನ್ನೆರಡು ಹೊಡೆದಾಗ ಅಜ್ಜಿಯ ನೆನಪಾಯಿತು. ಪಾಪ, ಆ ಮುದಿಜೀವ ಬಿಸಿಲಲ್ಲಿ ಮೆಟ್ಟಿಲು ಹತ್ತಿ ನಿಂತಿರುತ್ತದೆ ಎಂದು ಕನ್ನಡಕದಣ್ಣನ ಕರುಳು ಚುರ್ರೆಂದಿತು. ಎದ್ದು ನಿಂತು ತಿರುಗಿ ನೋಡೋಣ ಎಂದು ಮನಸ್ಸು ಮಾಡಿದ. ಮನಸ್ಸು ಒಪ್ಪಿತು, ಕಾಲು ಒಪ್ಪಲಿಲ್ಲ. ಕೊನೆಗೆ ಕುಳಿತಲ್ಲಿಂದಲೇ, ಗಾಜಿಗೆ ಬೆನ್ನು ಹಾಕಿ, ಒರೆಸುವ ಹಳದಿ ಬಟ್ಟೆಯನ್ನು ತಲೆಯ ಮೇಲೆತ್ತಿ ಜೋರಾಗಿ ಬೀಸಿದ. ಕಾವಲಿನವನು ಓಡಿಬಂದ.

"ಏನಾಯ್ತು? ಎದೆನೋವಾ?"

"ಇಲ್ಲಪ್ಪಾ, ಧೂಳು ಕೊಡವ್ತಿದ್ದೀನಿ."

ಕಾವಲಿನವನ ಹಿಂದೆಯೇ ಆ ಮಹಡಿಯ ಉಸ್ತುವಾರಿ ಮೇಡಂ ಬಂದು ನಿಂತಿದ್ದರು. ಕೈಯಲ್ಲಿ ವಾಕಿಟಾಕಿ, ಮುಖದಲ್ಲಿ ನಗುವೆಂಬುದಿಲ್ಲ. "ಬೆಳಗ್ಗೆಯಿಂದ ಕ್ಯಾಮೆರಾದಲ್ಲಿ ನೋಡ್ತಾನೇ ಇದ್ದೀನಿ. ನೀವು ಒಂದು ಸಲನೂ ಹೊರಗೆ ನೋಡಿಲ್ಲ, ಅಲ್ವಾ?"

ಕನ್ನಡಕದಣ್ಣ ಬಟ್ಟೆ ಕೆಳಗಿಳಿಸಿದ. "ಅದು... ಕೆಲಸ ಮಾಡ್ತಿದ್ದೆ ಮೇಡಂ..."

ಮೇಡಂ ಪುಸ್ತಕದಲ್ಲಿ ಏನೋ ಬರೆದುಕೊಂಡರು. "ನಿಮ್ಮ ಸಾಹುಕಾರರ ನಂಬರ್ ನನ್ನ ಹತ್ರ ಇದೆ," ಎಂದರು, ಹೋದರು.

ಕನ್ನಡಕದಣ್ಣ ಹಳದಿ ಬಟ್ಟೆಯನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡ. ಸಿಕ್ಕಿಬಿದ್ದೆ, ಎಂದುಕೊಂಡ. ದುರ್ಬೀನು ಒರೆಸಲು ಬಂದು ದುರ್ಬೀನಿನಲ್ಲಿ ನೋಡದೆ ಹೋದವನನ್ನು ಯಾವ ಸಾಹುಕಾರ ಇಟ್ಟುಕೊಳ್ಳುತ್ತಾನೆ? ಉಪ್ಪು ನೋಡದೆ ಬಡಿಸುವ ಅಡಿಗೆಯವನಿಗೂ ತನಗೂ ಏನು ವ್ಯತ್ಯಾಸ? ಒಂಬತ್ತು ವರ್ಷ ನೀರಿನಲ್ಲಿ ಹೋಮವಾಯಿತು. ಉಳಿದ ಏಳು ದುರ್ಬೀನುಗಳನ್ನು ಅವನು ಕಣ್ಣೀರಿನಲ್ಲೇ ತೊಳೆದ ಎಂದರೂ ನಡೆಯುತ್ತದೆ. ನಾಲ್ಕು ಗಂಟೆಗೆ ಕೆಳಗಿಳಿದು ನೆಲ ಮುಟ್ಟಿದಾಗಲೂ ಸಂತೋಷವಾಗಲಿಲ್ಲ.

ವಠಾರದ ಅಂಗಳದಲ್ಲಿ ಮೂವರೂ ಕಾಯುತ್ತಿದ್ದರು. ಹೆಂಡತಿ ಬಾಗಿಲಲ್ಲಿ ಹೆಮ್ಮೆಯಿಂದ ನಿಂತಿದ್ದಳು, ಜೀವಂತ ಬಂದದ್ದಕ್ಕೇ ಅವಳಿಗೆ ಅರ್ಧ ಹೆಮ್ಮೆ. ನಿಜ ಹೇಳಿಬಿಡಬೇಕೆಂದೇ ಕನ್ನಡಕದಣ್ಣ ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದ. ಆದರೆ ಕೆಲಸವಂತೂ ಹೋಯಿತು, ಮಾನವನ್ನೂ ಇವತ್ತೇ ಕಳೆದುಕೊಳ್ಳಬೇಕೇ ಎನ್ನಿಸಿತು. ಯಾರಿಗೆ ಏನು ಬೇಕೋ ಅದನ್ನು ಹೇಳಿದರೆ ಯಾರಿಗೇನು ನಷ್ಟ?

"ಕಂಡೆ ಅಜ್ಜೀ," ಎಂದ. "ಹಸಿರು ಶಾಲು. ಎಷ್ಟು ಚೆಂದ ಕೈ ಬೀಸಿದ್ರಿ! ನಾನೂ ಬೀಸಿದೆ, ಹಳದಿ ಬಟ್ಟೆ."

ಅಜ್ಜಿ ಅವನ ಮುಖವನ್ನೇ ನೋಡಿ, "ಹೌದಾ ಮಗಾ," ಎಂದು ಸುಮ್ಮನಾದಳು.

"ಟೈಲರಮ್ಮಾ, ನಿಮ್ಮವರು ಅಪ್ಪಟ ಚಿನ್ನ. ನಾನು ನೋಡಿದಾಗಲೆಲ್ಲ ಅಂಗಡೀಲೇ. ಕತ್ತರಿ ಹಿಡಿದು ಕೂತಿದ್ದೇ ಕೂತಿದ್ದು, ತಲೆ ಎತ್ತಿಲ್ಲ."

ಟೈಲರಮ್ಮ ಕಣ್ಣೊರೆಸಿಕೊಂಡಳು. ಇಂಥ ಗಂಡನನ್ನು ಅನುಮಾನಿಸಿದೆನಲ್ಲಾ ಎಂದು ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡಳು.

ಮೇಷ್ಟ್ರಿಗೆ ಏನು ಬೇಕು ಎಂಬುದರಲ್ಲಿ ಅನುಮಾನವೇ ಇರಲಿಲ್ಲ. "ಬಂದಿದೆ ಮೇಷ್ಟ್ರೇ. ಗೋಡೆ ಒಂದೂವರೆ ಅಡಿ ನಿಮ್ಮ ಕಡೆಗೇ ಬಂದಿದೆ. ಸೊಟ್ಟಗೂ ಇದೆ."

"ಒಂದೂವರೆ ಅಡಿ!" ಮೇಷ್ಟ್ರ ಮುಖ ಅರಳಿತು. ಮಂಡಿನೋವು ಎಲ್ಲಿ ಹೋಯಿತೋ ಏನೋ, ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕಂಟ್ರಾಕ್ಟರ ಬಾಗಿಲಿಗೆ ಓಡಿದರು.

ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದುಕೊಂಡು ಕನ್ನಡಕದಣ್ಣ ಒಳಗೆ ಹೋಗಿ ಅಂಗಿ ಕಳಚುವಷ್ಟರಲ್ಲಿ ಅಂಗಳದಲ್ಲಿ ಗದ್ದಲವೆದ್ದಿತು. ಟೈಲರು ಮನೆಗೆ ಬಂದಿದ್ದ. ಟೈಲರಮ್ಮ ಯಾವತ್ತೂ ಇಲ್ಲದಂತೆ ಬಾಗಿಲಿಗೇ ಬಂದು ಚೀಲ ಇಸಿದುಕೊಂಡು, "ಪಾಪ, ಬೆಳಗ್ಗೆಯಿಂದ ಅಂಗಡೀಲಿ ಕತ್ತರಿ ಹಿಡಿದು ಎಷ್ಟು ಸುಸ್ತಾಗಿದೀರೋ. ಕನ್ನಡಕದಣ್ಣ ಮೇಲಿಂದ ನೋಡಿ ಎಲ್ಲಾ ಹೇಳಿದ್ರು" ಎಂದಿದ್ದಳು.

ಟೈಲರು ಬೆಚ್ಚಿಬಿದ್ದ. "ಅಂಗಡೀಲಾ? ಅಂಗಡೀಲಿ ಯಾರು?"

"ನೀವೇ!"

"ನಾನೆಲ್ಲಿದ್ದೆನೇ! ನಾನು ಬೆಳಗ್ಗೆಯಿಂದ ಕೆರೆ ಹತ್ರ ಮೀನು ಹಿಡೀತಿದ್ದೆ! ಅಂಗಡಿಗೆ ಬೀಗ ಹಾಕಿದೆ. ಬೀಗ ಹಾಕಿದ ಅಂಗಡಿಯೊಳಗೆ ನನ್ನ ಕತ್ತರಿ ಹಿಡಿದು ಕೂತವನು ಯಾವನೇ?" ಎಂದು ಕಿರುಚಿದ ಮೇಲೆಯೇ ತಾನು ಏನು ಹೇಳಿದೆ ಎಂಬುದು ಅವನಿಗೆ ಹೊಳೆದದ್ದು. ಚೀಲದೊಳಗಿನ ಮೀನಿನ ವಾಸನೆ ಟೈಲರಮ್ಮನಿಗೆ ಅಷ್ಟು ಹೊತ್ತಿಗೆ ತಲುಪಿತ್ತು. ಟೈಲರು ಅಂಗಡಿಯ ಕಡೆ ಓಡಿದ, ಕಳ್ಳನಿಗೆ ಹೆದರಿಯೋ ಹೆಂಡತಿಗೆ ಹೆದರಿಯೋ ಹೇಳುವುದು ಕಷ್ಟ.

ಅತ್ತ ಮೇಷ್ಟ್ರು ಕಂಟ್ರಾಕ್ಟರ ತೋಳು ಹಿಡಿದು ಅಂಗಳಕ್ಕೆ ಎಳೆದು ತಂದಿದ್ದರು. "ಸಾಕ್ಷಿ ಇದೆ! ಕನ್ನಡಕದವನು ಕಣ್ಣಾರೆ ಕಂಡಿದ್ದಾನೆ. ಒಂದೂವರೆ ಅಡಿ!"

"ಯಾವ ಗೋಡೆ ಸ್ವಾಮಿ?" ಕಂಟ್ರಾಕ್ಟರು ಬನಿಯನ್ನಿನಲ್ಲೇ ಇದ್ದರು. "ಗೋಡೆ ಇನ್ನೂ ಕಟ್ಟೇ ಇಲ್ಲ. ಪಾಯನೂ ತೋಡಿಲ್ಲ. ಇಟ್ಟಿಗೆ ಬರೋದೇ ಬರೋ ವಾರ. ಏನಯ್ಯಾ ಕನ್ನಡಕದಣ್ಣ, ನಾನಿನ್ನೂ ಕಟ್ಟದೇ ಇರೋ ಗೋಡೆ ನಿನಗೆ ಸೊಟ್ಟಗೆ ಕಂಡಿತಾ? ಇದು ಮಾನನಷ್ಟ ಕಣಯ್ಯಾ! ಬಾ ಹೊರಗೆ, ಎಲ್ಲರ ಮುಂದೆ ಹೇಳು!"

ಹನ್ನೊಂದು ಮನೆಯ ಬಾಗಿಲೂ ತೆರೆದವು. ಕನ್ನಡಕದಣ್ಣ ಅರ್ಧ ಅಂಗಿಯಲ್ಲಿ ಹೊರಗೆ ಬಂದು ಅಂಗಳದ ನಡುವೆ ನಿಂತ. ಎಡಕ್ಕೆ ಟೈಲರಮ್ಮ, ಬಲಕ್ಕೆ ಮೇಷ್ಟ್ರು, ಎದುರಿಗೆ ಕಂಟ್ರಾಕ್ಟರು. ಓಡಲು ದಾರಿಯಿಲ್ಲ. ಅವನು ಅಜ್ಜಿಯ ಕಡೆ ತಿರುಗಿದ. ಅವಳೊಬ್ಬಳಾದರೂ ಆಸರೆಯಾದಾಳು ಎಂಬ ಆಸೆ.

"ನಿನ್ನ ಮನಸ್ಸಿಗೆ ಬೇಜಾರಾಗತ್ತೆ ಅಂತ ಆಗ ಹೇಳ್ಲಿಲ್ಲ ಮಗಾ," ಎಂದಳು ಅಜ್ಜಿ ಮೆಲ್ಲಗೆ. "ನಾನು ಹನ್ನೆರಡು ಗಂಟೆಗೆ ಊಟ ಮಾಡಿ ಮಲಗ್ಬಿಟ್ಟೆ. ಟೆರೇಸ್ ಹತ್ತಲೇ ಇಲ್ಲ."

ಅಲ್ಲಿಗೆ ಕನ್ನಡಕದಣ್ಣನ ಕಟ್ಟೆಯೊಡೆಯಿತು.

"ನಾನು ಏನೂ ನೋಡಿಲ್ಲ!" ಎಂದು ಅವನು ಕೂಗಿದ. "ಅಜ್ಜಿನೂ ಇಲ್ಲ, ಅಂಗಡಿನೂ ಇಲ್ಲ, ಗೋಡೆನೂ ಇಲ್ಲ. ನನಗೆ ಎತ್ತರ ಅಂದ್ರೆ ಭಯ! ಚಿಕ್ಕಂದಿನಿಂದ ಭಯ! ಸ್ಟೂಲ್ ಹತ್ತೋಕೂ ಭಯ! ಇಡೀ ದಿನ ಕಣ್ಣು ಮುಚ್ಕೊಂಡು ನೆಲದ ಮೇಲೆ ಕೂತಿದ್ದೆ. ಆ ಮೇಡಂ ನೋಡ್ಬಿಟ್ರು. ನನ್ನ ಕೆಲಸ ಹೋಯ್ತು. ಇನ್ನು ನೀವೂ ಹೊಡೆಯೋದಿದ್ರೆ ಹೊಡೆದ್ಬಿಡಿ."

ಹೆಂಡತಿ ಬಂದು ಅವನ ಪಕ್ಕದಲ್ಲಿ ನಿಂತಳು. "ಹೌದು. ಸೊಂಟ ಗಿಂಟ ಎಲ್ಲಾ ಸುಳ್ಳು. ಬಲ್ಬು ನಾನೇ ಹಾಕೋದು. ಏನೀಗ?" ಎಂದು ಸೊಂಟದ ಮೇಲೆ ಕೈಯಿಟ್ಟು ಎಲ್ಲರನ್ನೂ ಒಂದು ಸುತ್ತು ನೋಡಿದಳು. ಸುಳ್ಳು ಹೇಳಿದವನ ಮೇಲೆ ಕೋಪ ಮಾಡಿಕೊಳ್ಳಬಹುದು, ಹೆದರಿದವನ ಮೇಲೆ ಹೇಗೆ ಮಾಡಿಕೊಳ್ಳುವುದು? ಕಂಟ್ರಾಕ್ಟರೇ ಮೊದಲು, "ಹೋಗ್ಲಿ ಬಿಡಯ್ಯಾ, ನಮ್ಮಪ್ಪನಿಗೂ ಜಿರಲೆ ಅಂದ್ರೆ ಭಯ ಇತ್ತು" ಎಂದರು.

ಆಗಲೇ ಗೇಟಿನಲ್ಲಿ ಸ್ಕೂಟರು ನಿಂತದ್ದು. ಸಾಹುಕಾರರು! ಸ್ವತಃ! ಕನ್ನಡಕದಣ್ಣ ಹೆಂಡತಿಯ ಸೆರಗು ಹಿಡಿದುಕೊಂಡ. ಕೈಮುಗಿದು ಕಳಿಸಲು ಮನೆಗೇ ಬಂದಿದ್ದಾರೆ ಎಂದುಕೊಂಡ.

ಸಾಹುಕಾರರು ಬಂದವರೇ ಅವನ ಎರಡೂ ಕೈ ಹಿಡಿದು ಕುಲುಕಿದರು. "ಭಲೇ! ಏನಪ್ಪಾ, ಇಷ್ಟು ದಿನ ನಿನ್ನ ಬೆಲೆ ನನಗೆ ಗೊತ್ತೇ ಆಗ್ಲಿಲ್ಲ! ಆ ಮೇಡಂ ಫೋನ್ ಮಾಡಿದ್ರು. ಅರ್ಧ ಗಂಟೆ ನಿನ್ನ ಗುಣಗಾನ!"

"ನನ್ನದಾ?"

"ಇನ್ಯಾರದು? ಅಲ್ಲಿಗೆ ಕೆಲಸಕ್ಕೆ ಹೋದವರೆಲ್ಲ ಮಾಡೋದು ಒಂದೇ. ಅರ್ಧ ದಿನ ಪುಕ್ಕಟೆ ಊರು ನೋಡೋದು. ನಮ್ಮ ಚುರುಕ ಇದ್ದಾನಲ್ಲ, ಹೋದ್ಸಲ ಎದುರು ಕಟ್ಟಡದವರ ಮನೆ ಕಿಟಕಿಗೇ ದುರ್ಬೀನು ತಿರುಗಿಸಿ ಕೂತಿದ್ನಂತೆ. ಆ ಮನೆಯವರು ದೂರು ಕೊಟ್ಟು ಗೋಪುರದವರ ಮಾನ ಹೋಗಿತ್ತು. ಕೆಲಸವನ್ನ ಬೇರೆ ಅಂಗಡಿಗೆ ಕೊಡೋದಾಗಿ ಪತ್ರ ಬರೆದಿಟ್ಟಿದ್ರಂತೆ. ಇವತ್ತು ಕ್ಯಾಮೆರಾದಲ್ಲಿ ನಿನ್ನ ನೋಡಿದಾರೆ. ಏಳು ಗಂಟೆ ಹೊತ್ತು! ಒಂದು ಸಲ, ಒಂದೇ ಒಂದು ಸಲ ಹೊರಗೆ ಕಣ್ಣು ಹಾಯಿಸಿಲ್ಲ! ಇಂಥ ಶುದ್ಧ ಮನುಷ್ಯನ್ನ ನಾನು ನೋಡೇ ಇಲ್ಲ ಅಂದ್ರು. ನಿನ್ನ ಖಾಯಂ ಮಾಡಿದೀನಪ್ಪಾ!"

ವಠಾರಕ್ಕೆ ವಠಾರವೇ ಹೋ ಎಂದಿತು. ಹೆಂಡತಿ ಅಳುತ್ತಾ ನಕ್ಕಳು. ಕನ್ನಡಕದಣ್ಣ ಸಾಹುಕಾರರ ಕೈ ಹಿಡಿದು ಕಣ್ಣಿಗೊತ್ತಿಕೊಂಡ.

"ಆದರೆ ಅಂಗಡೀಲಲ್ಲ," ಎಂದರು ಸಾಹುಕಾರರು. "ಮೇಲೆ. ಗೋಪುರದವರಿಗೆ ದಿನಾ ಒಬ್ಬ ಮನುಷ್ಯ ಬೇಕಂತೆ. ಬೆಳಗ್ಗೆ ಒಂಬತ್ತರಿಂದ ಸಂಜೆ ಆರು. ನಾಳೆಯಿಂದಲೇ."

ಕನ್ನಡಕದಣ್ಣ ಹಿಡಿದ ಕೈ ಬಿಟ್ಟ. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. "ಸಾಹುಕಾರ್ರೇ, ಕಾಲಿಗೆ ಬೀಳ್ತೀನಿ. ನಾನು ಶುದ್ಧ ಮನುಷ್ಯ ಅಲ್ಲ. ನನಗೆ ಎತ್ತರ ಅಂದ್ರೆ ಪ್ರಾಣ ಹೋಗತ್ತೆ. ಅದಕ್ಕೇ ನೋಡ್ಲಿಲ್ಲ. ಬೇಕಾದ್ರೆ ಇವರನ್ನೆಲ್ಲ ಕೇಳಿ!"

"ಹೌದು ಹೌದು," ಎಂದಿತು ವಠಾರ ಒಕ್ಕೊರಲಿನಿಂದ. "ಸ್ಟೂಲೂ ಹತ್ತಲ್ಲ!"

ಸಾಹುಕಾರರು ಅವನನ್ನೇ ಎವೆಯಿಕ್ಕದೆ ನೋಡಿದರು. ನೋಡುತ್ತಾ ನೋಡುತ್ತಾ ಅವರ ಮುಖದಲ್ಲಿ ನಗು ಹರಡಿತು.

"ನಿಜವಾಗ್ಲೂ? ಚಿಕ್ಕಂದಿನಿಂದ ಇದೆಯಾ?"

"ನಿಜವಾಗ್ಲೂ!"

"ಅಯ್ಯೋ, ಇದನ್ನ ಮೊದಲೇ ಹೇಳೋದಲ್ವೇನಯ್ಯಾ! ಒಳ್ಳೇತನ ಅಂದ್ರೆ ನಂಬೋಕಾಗಲ್ಲ, ಇವತ್ತಿರತ್ತೆ, ನಾಳೆ ಆಸೆ ಹುಟ್ಟತ್ತೆ. ಹೆದರಿಕೆ ಹಾಗಲ್ಲ. ಅದಕ್ಕೆ ನಿಯತ್ತಿದೆ." ಅಲ್ಲೇ ಸ್ಕೂಟರಿನ ಸೀಟಿನ ಮೇಲೆ ಕಾಗದ ಹರಡಿ, ನೇಮಕದ ಪತ್ರದ ಕೆಳಗೆ ಇನ್ನೊಂದು ಸಾಲು ಬರೆದರು. ಪದ ಸಿಗದಲ್ಲಿ ಮೇಷ್ಟ್ರು ಹೇಳಿಕೊಟ್ಟರು. ಬರೆದದ್ದನ್ನು ಸಾಹುಕಾರರು ಗಟ್ಟಿಯಾಗಿ ಓದಿದರು: "ಸದರಿಯವರಿಗೆ ಎತ್ತರದ ಭಯ ಇರುವವರೆಗೆ ಮಾತ್ರ ಈ ನೇಮಕ ಖಾಯಂ. ಭಯ ಹೋದ ದಿನ ಕೆಲಸವೂ ಹೋಗತಕ್ಕದ್ದು." ಪತ್ರವನ್ನು ಅವನ ಕೈಗಿಟ್ಟರು. "ಗೊತ್ತಾಯ್ತಾ? ಕಾಪಾಡ್ಕೋ." ಸ್ಕೂಟರು ಹತ್ತಿ ಹೊರಟೂ ಹೋದರು.

ಕನ್ನಡಕದಣ್ಣ ಪತ್ರ ಹಿಡಿದು ನಿಂತೇ ಇದ್ದ. ಹೋಗಲಿ, ಭಯಕ್ಕೇನು ಬರಗಾಲ, ಅದೊಂದು ತನ್ನಲ್ಲಿ ಬೇಕಾದಷ್ಟಿದೆ ಎಂದು ಸಮಾಧಾನ ಮಾಡಿಕೊಳ್ಳುತ್ತಿರುವಾಗ ಅಜ್ಜಿ ನಿಟ್ಟುಸಿರು ಬಿಟ್ಟಳು. "ಪಾಪ. ದಿನಾ ಮೇಲೆ ಹೋಗ್ತಿದ್ರೆ ಹೆದರಿಕೆ ಎಷ್ಟು ದಿನ ನಿಲ್ಲತ್ತೆ? ಒಂದು ತಿಂಗಳಲ್ಲಿ ರೂಢಿಯಾಗಿ ಹೋಗ್ಬಿಡತ್ತೆ."

"ಬಿಡ್ತು ಅನ್ನಿ ಅಜ್ಜೀ!" ಎಂದು ಹೆಂಡತಿ ಗಾಬರಿಯಿಂದ ಕೂಗಿದಳು. "ನಮ್ಮನೆಯವರ ಹೆದರಿಕೆ ನೂರು ಕಾಲ ಬಾಳಲಿ!"

ಅದು ಒಬ್ಬಳ ಮನೆಯ ಅನ್ನದ ಪ್ರಶ್ನೆ. ವಠಾರದವರು ಅಂಥ ಹೊತ್ತಿನಲ್ಲಿ ಕೈಬಿಡುವವರಲ್ಲ. ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ಇದು ನಮ್ಮೆಲ್ಲರ ಜವಾಬ್ದಾರಿ, ಯಾರು ಯಾವ ದಿನ ಹೆದರಿಸುವುದು ಎಂದು ಪಟ್ಟಿ ಮಾಡಿಕೊಳ್ಳೋಣ ಎಂದರು. ಕಂಟ್ರಾಕ್ಟರು ಕಟ್ಟಡದ ವಿಷಯವೆಲ್ಲ ತಮಗೇ ಬಿಡಿ ಎಂದರು. ಅಷ್ಟರಲ್ಲಿ ಅಂಗಡಿಯ ಬೀಗ ಭದ್ರವಾಗಿರುವುದನ್ನು ನೋಡಿಕೊಂಡು ಟೈಲರು ಏದುಸಿರು ಬಿಡುತ್ತಾ ವಾಪಸು ಬಂದ. ವಿಷಯ ಕೇಳಿ ತಿಳಿದುಕೊಂಡ. ಹೆಂಡತಿಯ ಕಣ್ಣು ತಪ್ಪಿಸಿ ಕನ್ನಡಕದಣ್ಣನ ಹೆಗಲ ಮೇಲೆ ಪ್ರೀತಿಯಿಂದ ಕೈಯಿಟ್ಟು, ಆ ದಿನದ ಪಾಳಿಯನ್ನು ತಾನೇ ಶುರು ಮಾಡಿದ.

"ಅಲ್ಲಾ ಕನ್ನಡಕದಣ್ಣ, ಆ ಲಿಫ್ಟಿನ ಹಗ್ಗ ಎಷ್ಟು ದಪ್ಪ ಇದೆ ಅಂತ ಯಾವತ್ತಾದ್ರೂ ನೋಡಿದೀರಾ?"